ಬೋರ್ಡಿನ ಮೇಲೆ ಬರೆದ ಜ್ವರ

ಆಲ್ಕಾಪುರಿಯಿಂದ ರೈಲ್ವೆ ಸ್ಟೇಶನ್ನಿಗೆ ಹೋಗುವ ಒಳರಸ್ತೆಯಲ್ಲಿ ಪಾಂಡುರಂಗ ಹೊಳ್ಳನ ಹೋಟೆಲು. ಗಿರಾಕಿಗಳಿಗೆಂದು ಅಲ್ಲಿಗೆ ದಿನಾ ಮೂರು ಪೇಪರು ಬರುತ್ತಿದ್ದವು. ಬೆಳಿಗ್ಗೆ ಒಂದು ಗುಜರಾತಿ, ಒಂದು ಇಂಗ್ಲಿಷು. ಸಂಜೆ ನಾಲ್ಕಕ್ಕೆ ಇನ್ನೊಂದು ಗುಜರಾತಿ. ಹತ್ತೊಂಬತ್ತು ವರ್ಷದಿಂದ ವಡೋದರಾದಲ್ಲಿದ್ದರೂ ಹೊಳ್ಳನ ಹೆಂಡತಿ ಪದ್ಮಾಳಿಗೆ ಈ ಮೂರರಲ್ಲಿ ಒಂದನ್ನೂ ಓದಲು ಬರುತ್ತಿರಲಿಲ್ಲ. ಗುಜರಾತಿ ಮಾತು ಬರುತ್ತಿತ್ತು, ತರಕಾರಿಯವನ ಹತ್ತಿರ ಚೌಕಾಸಿ ಮಾಡುವಷ್ಟು, ನೆರೆಕರೆಯ ಸುಖದುಃಖ ಕೇಳುವಷ್ಟು. ಅಕ್ಷರ ಕಲಿಯಲು ಪುರುಸೊತ್ತಾಗಿರಲಿಲ್ಲ. ಅವಳ ಪೇಪರು ಊರಿನಿಂದ ಅಂಚೆಯಲ್ಲಿ ಬರುತ್ತಿತ್ತು. ಕೈಗೆ ಸಿಗುವಾಗ ಐದು ದಿನ ಹಳತು. ತಮ್ಮೂರು ಸಾಸ್ತಾನದಲ್ಲಿ ಯಾರು ತೀರಿಕೊಂಡರು ಎಂದು ತಿಳಿಯಲು ಅಷ್ಟು ಸಾಕಾಗುತ್ತಿತ್ತು.

ತೊಂಬತ್ತನಾಲ್ಕನೇ ಇಸವಿಯ ಸೆಪ್ಟೆಂಬರಿನ ಒಂದು ಶುಕ್ರವಾರ, ಗಿರಾಕಿಗಳ ಗಡಿಬಿಡಿಯ ಹೊತ್ತಿನಲ್ಲೇ, ಪಾಂಡುರಂಗ ಗಲ್ಲಾ ಬಿಟ್ಟು ಮನೆಗೆ ಬಂದ. ಮನೆ ಹೋಟೆಲಿನ ಹಿಂದಿನ ಹೌಸಿಂಗ್ ಸೊಸೈಟಿಯ ಎರಡನೇ ಮಹಡಿಯಲ್ಲಿತ್ತು. ಬೆಳಗಿನ ಎರಡು ಪೇಪರೂ ಅವನ ಕಂಕುಳಲ್ಲಿದ್ದವು.

"ಎಂತ ಆಯ್ತು?" ಪದ್ಮಾ ಕಾವಲಿಯ ಉರಿ ಸಣ್ಣ ಮಾಡಿದಳು.

"ಸೂರತ್ತಿನಲ್ಲಿ ಪ್ಲೇಗ್ ಅಂತೆ."

ಹರಿವೆ ಸೊಪ್ಪು ಬಿಡಿಸುತ್ತಿದ್ದ ಅತ್ತೆ ರುಕ್ಮಿಣಿಯಮ್ಮನ ಕೈ ನಿಂತಿತು. "ಪ್ಲೇಗಾ? ಹುಬ್ಬಳ್ಳಿಯಲ್ಲಿ ನನ್ನ ಸೋದರಮಾವನ ಹೋಟೆಲು ಮುಚ್ಚಿದ್ದೇ ಆ ಮಾರಿಯಿಂದ. ಜನ ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ. ಹರಿಗೆ ಫೋನ್ ಮಾಡಿದೆಯಾ?"

ಹರಿ ಎಂದರೆ ಹರಿಪ್ರಸಾದ, ಪಾಂಡುರಂಗನ ತಮ್ಮ. ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲೊಂದರ ಕ್ಯಾಂಟೀನು ನಡೆಸುತ್ತಿದ್ದ. ಹೆಂಡತಿ ಸುಮಿತ್ರಾ, ಆರು ವರ್ಷದ ಮಗಳು ಶ್ರುತಿ ಜೊತೆಗಿದ್ದರು.

"ಮಾಡಿದೆ ಅಮ್ಮ. ಲೈನೇ ಸಿಗುವುದಿಲ್ಲ."

ಕಾಲೇಜಿಗೆ ಹೊರಟಿದ್ದ ಮಗಳು ವಿಭಾಳನ್ನು ಕೂರಿಸಿ ಓದಿಸಿದರು. ಗುಜರಾತಿ ಪೇಪರಿನಲ್ಲಿ ಸತ್ತವರು ನೂರಾರು. ಇಂಗ್ಲಿಷಿನಲ್ಲಿ ಅದರ ಹತ್ತರಲ್ಲೊಂದು ಪಾಲೂ ಇರಲಿಲ್ಲ. ಮರುದಿನ ಬೆಳಿಗ್ಗೆ ರುಕ್ಮಿಣಿಯಮ್ಮ ದೆಹಲಿಯ ಕನ್ನಡ ವಾರ್ತೆಗೆ ರೇಡಿಯೋ ತಿರುಗಿಸಿದರೆ, ಪರಿಸ್ಥಿತಿ ಹತೋಟಿಯಲ್ಲಿದೆ, ಜನರು ಭಯಪಡಬೇಕಾಗಿಲ್ಲ ಎಂದಿತು.

"ಕೇಳಿದೆಯಾ? ಭಯ ಬೇಡವಂತೆ," ಎಂದರು ಅವರು.

"ಹತೋಟಿಯಲ್ಲಿದ್ದರೆ ಶಾಲೆ ಯಾಕೆ ಮುಚ್ಚಿದ್ದಾರೆ ಅಮ್ಮ?" ಎಂದ ಪಾಂಡುರಂಗ.

ಆ ಸಂಜೆ ಎದುರು ಮನೆಯ ಸುಶೀಲಾಬೆನ್ ಸಂಜೆ ಪೇಪರು ಹಿಡಿದು ಬಂದರು. ಗಂಡ ತೀರಿಹೋದ ಮೇಲೆ ಒಬ್ಬರೇ ಇದ್ದವರು; ಸೊಸೈಟಿಯ ಹದಿನಾರು ಮನೆಗೂ ಸುದ್ದಿ ಮುಟ್ಟಿಸುವುದು ಅವರದೇ ಕೆಲಸ. ಸೂರತ್ತಿನಿಂದ ಬಂದ ರೈಲಿನ ಒಂದು ಡಬ್ಬಿಯಲ್ಲಿ ಇದ್ದವರೆಲ್ಲ ಕೂತಲ್ಲೇ ಸತ್ತಿದ್ದಾರೆ, ಅಲ್ಲಿನ ಹಾಲಿಗೆ ಯಾರೋ ವಿಷ ಬೆರೆಸಿದ್ದಾರೆ ಎಂದರು. ಓದಿದ್ದು ಎಷ್ಟು, ದಾರಿಯಲ್ಲಿ ಕೇಳಿದ್ದು ಎಷ್ಟು, ಅವರಿಗೇ ಗೊತ್ತಿದ್ದಂತಿರಲಿಲ್ಲ.

ಅವರು ಹೋದ ಅರ್ಧ ಗಂಟೆಗೆ ಹೋಟೆಲಿನ ಫೋನಿಗೆ ಹರಿ ಸಿಕ್ಕಿದ. ಪಾಂಡುರಂಗ ಪದ್ಮಾಳನ್ನು ಕರೆಸಿ ಮಾತಾಡಿಸಿದ.

"ಅತ್ತಿಗೆ, ಸುಮಿತ್ರಾ ಮತ್ತು ಶ್ರುತಿಯನ್ನು ನಾಳೆ ರೈಲು ಹತ್ತಿಸ್ತೇನೆ. ಇಬ್ಬರಿಗೂ ಏನೂ ಆಗಿಲ್ಲ."

"ನೀನು?"

"ನಾನು ಬರುವುದಿಲ್ಲ. ಮಿಲ್ಲಿನ ಅರ್ಧ ಜನ ಓಡಿದ್ದಾರೆ. ಉಳಿದವರೆಲ್ಲ ಒರಿಸ್ಸಾದ ಹುಡುಗರು, ಕೋಣೆಯಲ್ಲಿ ಒಲೆ ಕೂಡ ಇಲ್ಲ. ನಾನು ಬಾಗಿಲು ಹಾಕಿದ್ರೆ ಅವರು ಉಣ್ಣುವುದು ಎಲ್ಲಿ?"

ಮನೆಯ ಜಗಳ ಶುರುವಾದದ್ದು ಆ ರಾತ್ರಿಯ ಊಟಕ್ಕೆ. ಪಾಂಡುರಂಗ ಸಾರನ್ನ ಕಲಸಿ ಹಾಗೇ ಬಿಟ್ಟ.

"ಬರಬೇಡಿ ಅಂತ ಹೇಳಲಿಕ್ಕಾಗುವುದಿಲ್ಲ, ನನ್ನ ತಮ್ಮನ ಸಂಸಾರ. ಆದರೆ ನೇರ ಮುಂಬೈಗೆ ಹೋಗಿ ಅಲ್ಲಿಂದ ಊರಿನ ಬಸ್ಸು ಹಿಡಿಯಲಿ. ಸೂರತ್ತಿನವರು ನಮ್ಮ ಮನೆಯಲ್ಲಿದ್ದಾರೆ ಅಂತ ಗೊತ್ತಾದರೆ ನಾಳೆಯಿಂದ ಒಂದು ನಾಯಿ ಹೋಟೆಲಿನ ಮೆಟ್ಟಿಲು ಹತ್ತುವುದಿಲ್ಲ."

"ಸಣ್ಣ ಮಗುವನ್ನು ಕಟ್ಟಿಕೊಂಡು ಎರಡು ದಿನದ ದಾರಿ ಹೋಗಬೇಕಾ?" ಎಂದಳು ಪದ್ಮಾ.

"ರೋಗ ಎಷ್ಟು ಉಂಟು ಅಂತ ನಿನಗೆ ಗೊತ್ತುಂಟಾ?"

"ಇಲ್ಲ. ನಿಮಗೆ ಗೊತ್ತುಂಟಾ?"

"ಪೇಪರಿನವರು ಜಾಸ್ತಿ ಹೇಳ್ತಾರೆ, ಸರ್ಕಾರ ಕಡಿಮೆ ಹೇಳ್ತದೆ. ಎರಡರ ನಡುವೆ ಎಲ್ಲೋ ಉಂಟು ಅಂತ ಇಟ್ಟುಕೊಳ್ಳುವುದು."

"ಒಬ್ಬ ಗಿರಾಕಿ ಸಾಂಬಾರಿಗೆ ಉಪ್ಪು ಹೆಚ್ಚು ಅಂದ, ಇನ್ನೊಬ್ಬ ಉಪ್ಪೇ ಇಲ್ಲ ಅಂದ. ಹಾಗಾದರೆ ಸರಿ ಉಂಟು ಅಂತ ಬಡಿಸ್ತೀರಾ? ಕೈಗೆ ಹಾಕಿ ರುಚಿ ನೋಡುವುದಿಲ್ಲವಾ?"

ಪದ್ಮಾ ಎಲೆ ತೆಗೆದು, ಉಂಡ ಜಾಗಕ್ಕೆ ಗೋಮಯ ಮಾಡಿ, ಕೈ ಒರೆಸಿಕೊಂಡು ಎರಡು ದಿನದ ಪೇಪರುಗಳನ್ನೆಲ್ಲ ಮಗಳ ಮುಂದೆ ಹಾಕಿದಳು.

"ಎಲ್ಲ ಓದಬೇಡ. ಯಾರು ಹೇಳಿದ್ದು ಅಂತ ಮಾತ್ರ ಹುಡುಕಿ ಹೇಳು."

ವಿಭಾಳ ಕನ್ನಡ ಅರೆಬರೆ. ಗುಜರಾತಿಯನ್ನು ಅವಳು ಹುಟ್ಟಿದಲ್ಲಿಂದ ಆಡಿದ್ದಳು. ಬೆರಳಿಟ್ಟು ಓದುತ್ತ ಹೋದಳು. "ಇಲ್ಲಿ 'ಕಹೇವಾಯ್ ಛೇ'. ಮತ್ಲಬ್, ಹೀಗೆ ಹೇಳ್ತಾರೆ ಅಂತ. ಇಲ್ಲೂ ಕಹೇವಾಯ್ ಛೇ. ರೈಲಿಂದು ಕೂಡ ಕಹೇವಾಯ್ ಛೇ."

"ಹೇಳಿದವನ ಹೆಸರು?"

"ಇಲ್ಲಮ್ಮ."

ಇಂಗ್ಲಿಷ್ ಪೇಪರಿನ ಒಳಪುಟದಲ್ಲಿ, ಜಾಹೀರಾತಿನ ಪಕ್ಕ, ಆಸ್ಪತ್ರೆಯ ಹೆಸರಿತ್ತು, ಅಲ್ಲಿನ ಅಧಿಕಾರಿಯ ಹೆಸರಿತ್ತು, ಎಷ್ಟು ಗಂಟೆಯವರೆಗಿನ ಲೆಕ್ಕವೆಂದೂ ಇತ್ತು. ಅದರ ಕೆಳಗೆ ಎರಡು ಸಾಲು: ನಿನ್ನೆ ಕೊಟ್ಟ ಸಂಖ್ಯೆಯಲ್ಲಿ ಒಂದೇ ಹೆಸರು ಎರಡು ಸಲ ಸೇರಿತ್ತು, ವಿಷಾದಿಸುತ್ತೇವೆ.

"ತಪ್ಪು ಬರೆದೆವು ಅಂತ ಅವರೇ ಒಪ್ಪಿದ ಮೇಲೆ ಅದನ್ನು ನಂಬುವುದು ಹೇಗೆ?" ಎಂದರು ರುಕ್ಮಿಣಿಯಮ್ಮ.

"ಒಪ್ಪಿದ್ದು ಅದೊಂದೇ ಅತ್ತೆ. ಉಳಿದವರು ಯಾರೂ ತಪ್ಪೇ ಮಾಡಲಿಲ್ಲವಾ?"

ಭಾನುವಾರ ಬೆಳಿಗ್ಗೆ ಪದ್ಮಾ ರಿಕ್ಷಾ ಮಾಡಿಕೊಂಡು ಶಾಂತಾಳ ಮನೆಗೆ ಹೋದಳು. ಶಾಂತಾ ಕಾರ್ಕಳದ ಕಡೆಯವಳು, ದೊಡ್ಡಾಸ್ಪತ್ರೆಯಲ್ಲಿ ನರ್ಸು. ಕನ್ನಡ ಸಂಘದ ಹಬ್ಬದೂಟಕ್ಕೆ ಇಬ್ಬರೂ ಸೇರಿ ಬಡಿಸಿದ್ದ ಪರಿಚಯ. ಸೂರತ್ತಿನಿಂದ ಬಂದವರಿಗೆಂದು ತೆರೆದ ವಾರ್ಡಿನಲ್ಲಿ ಅವಳಿಗೆ ಡ್ಯೂಟಿ ಬಿದ್ದಿತ್ತು.

"ಸೂರತ್ತಿನಲ್ಲಿ ಎಷ್ಟು ಜನ ಸತ್ತರು ಅಂತ ನನ್ನ ಹತ್ತಿರ ಕೇಳಬೇಡಿ ಪದ್ಮಕ್ಕ, ನಾನು ಅಲ್ಲಿ ಇಲ್ಲ," ಎಂದಳು ಶಾಂತಾ. "ನಮ್ಮ ವಾರ್ಡಿಗೆ ನಿನ್ನೆಯವರೆಗೆ ಬಂದವರಲ್ಲಿ ಹೆಚ್ಚಿನವರಿಗೆ ಸಾದಾ ಜ್ವರ, ಹೆದರಿಕೆ. ಇಬ್ಬರ ಮೇಲೆ ಡಾಕ್ಟರಿಗೆ ಸಂಶಯ ಉಂಟು. ಇದು ಕಾಯಿಲೆಯಾದವನ ಕೆಮ್ಮಿನಿಂದ ಹರಡ್ತದೆ. ಬಂದರೆ ಸಾಮಾನ್ಯವಾಗಿ ವಾರದೊಳಗೇ ಗೊತ್ತಾಗ್ತದೆ. ಬೇಗ ಹಿಡಿದರೆ ಮದ್ದು ಉಂಟು. ಅವರನ್ನು ಒಂದು ವಾರ ಬೇರೆ ಕೋಣೆಯಲ್ಲಿ ಇಡಿ, ದಿನಕ್ಕೆರಡು ಸಲ ಜ್ವರ ನೋಡಿ. ಜ್ವರ ಬಂದರೆ ಮನೆಯಲ್ಲಿ ಅಡಗಿಸಿ ಇಡಬೇಡಿ."

ಪದ್ಮಾ ಹಿಂದಿರುಗಿ ಬಂದು ಗಂಡನಿಗೆ ಅಷ್ಟನ್ನೇ ಹೇಳಿದಳು. ಅವನು ಕೇಳಿಸಿಕೊಂಡ, ಒಪ್ಪಿದೆ ಎನ್ನಲಿಲ್ಲ. ಆದರೆ ಮಧ್ಯಾಹ್ನ ಎರಡಕ್ಕೆ ಹೆಗಲ ಬೈರಾಸನ್ನು ಮೂಗಿಗೆ ಕಟ್ಟಿಕೊಂಡು ಸ್ಟೇಶನ್ನಿಗೆ ಹೋದವನು ಅವನೇ. ಕಿಕ್ಕಿರಿದ ರೈಲಿನಿಂದ ಸುಮಿತ್ರಾ ಒಂದು ಚೀಲ, ಒಂದು ಕೊಡೆ, ನಿದ್ದೆ ಹೋದ ಮಗುವಿನೊಂದಿಗೆ ಇಳಿದಳು. ಇಬ್ಬರಿಗೂ ತಾರಸಿಯ ಮೇಲಿನ ಕೋಣೆ. ಪದ್ಮಾ ಬಾಯಿಗೆ ಬಟ್ಟೆ ಕಟ್ಟಿ ಹೊಸ್ತಿಲಿನಲ್ಲಿ ತಟ್ಟೆ ಇಟ್ಟು ಬರುತ್ತಿದ್ದಳು. ಆ ವಾರ ಹೋಟೆಲಿನ ಅಡಿಗೆಮನೆಗೆ ಅವಳು ಕಾಲಿಡಲಿಲ್ಲ.

"ಸೊಸೈಟಿಯವರಿಗೆ ಹೇಳುವುದು ಬೇಡ," ಎಂದ ಪಾಂಡುರಂಗ.

"ತಾರಸಿಗೆ ಬಟ್ಟೆ ಒಣಹಾಕಲಿಕ್ಕೆ ಬರುವವರಿಗೆ ಕಣ್ಣಿಲ್ಲವಾ?" ಎಂದು ಪದ್ಮಾ ಎದುರು ಮನೆಯ ಬಾಗಿಲು ತಟ್ಟಿ ಸುಶೀಲಾಬೆನ್‌ಗೆ ತಾನೇ ಹೇಳಿದಳು. ಸುಶೀಲಾಬೆನ್ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಒಳ್ಳೆಯದು ಮಾಡಿದಿರಿ ಹೇಳಿದ್ದು," ಎಂದು ಬಾಗಿಲು ಹಾಕಿಕೊಂಡರು.

ಮರುದಿನದ ಸಂಜೆ ಪೇಪರಿನಲ್ಲಿ ಆಲ್ಕಾಪುರಿಯ ಒಂದು ಮದ್ರಾಸಿ ಹೋಟೆಲಿನಲ್ಲಿ ಸೂರತ್ತಿನ ಪ್ಲೇಗಿನ ರೋಗಿಗಳನ್ನು ಅಡಗಿಸಿಡಲಾಗಿದೆ, ಕಹೇವಾಯ್ ಛೇ.

ವಿಭಾ ಓದಿ ಮುಗಿಸುವ ಮೊದಲೇ ಪಾಂಡುರಂಗ ಚಪ್ಪಲಿ ಮೆಟ್ಟಿದ್ದ. ಪೇಪರಿನ ಆಫೀಸಿಗೆ ಹೋದ, ಒಂದು ಗಂಟೆ ಕೂತ, ನಾವು ಯಾವ ಹೋಟೆಲಿನ ಹೆಸರನ್ನೂ ಬರೆದಿಲ್ಲವಲ್ಲ ಎಂಬ ಮಾತು ಕೇಳಿಸಿಕೊಂಡು ವಾಪಸ್ಸು ಬಂದ. ನಗರಪಾಲಿಕೆಯ ಇಬ್ಬರು ಬಂದು ತಾಯಿ ಮಗಳನ್ನು ನೋಡಿ, ಏನೂ ಇಲ್ಲವೆಂದು ಹೋದರು. ಅವರು ಬಂದದ್ದನ್ನು ರಸ್ತೆಯೆಲ್ಲ ನೋಡಿತು. ಹೇಳಿದ್ದನ್ನು ಯಾರೂ ಕೇಳಲಿಲ್ಲ. ಆ ಸಂಜೆ ತಟ್ಟೆಗಟ್ಟಲೆ ಇಡ್ಲಿ ಉಳಿಯಿತು. ಮನೆಯಲ್ಲಿ ರಾತ್ರಿಯೂಟಕ್ಕೆ ಇಡ್ಲಿಯನ್ನೇ ಪುಡಿ ಮಾಡಿ ಒಗ್ಗರಣೆ ಹಾಕಿ ತಿಂದರು.

"ಹೇಳು ಹೇಳು ಅಂದೆ, ನೋಡು ಈಗ," ಎಂದ ಪಾಂಡುರಂಗ.

"ಅರ್ಧ ಹೇಳಿದ್ದು ತಪ್ಪಾಯ್ತು," ಎಂದಳು ಪದ್ಮಾ. "ಒಬ್ಬರ ಕಿವಿಗೆ ಹೇಳಿದ್ದನ್ನು ಎಲ್ಲರಿಗೂ ಹೇಳುವ. ಹೋಟೆಲಿನ ಬೋರ್ಡು ಉಂಟಲ್ಲ."

ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ದಿನದ ತಿಂಡಿ ಬರೆಯುತ್ತಿದ್ದರು. ಪಾಂಡುರಂಗ ಬೇಡವೆಂದ, ರುಕ್ಮಿಣಿಯಮ್ಮ ಮರ್ಯಾದೆ ಹೋಗುತ್ತದೆ ಎಂದರು. ಮರ್ಯಾದೆ ಈಗ ಎಷ್ಟು ಉಳಿದಿದೆ ಎಂದು ಪದ್ಮಾ ಮಗಳ ಕೈಗೆ ಸೀಮೆಸುಣ್ಣ ಕೊಟ್ಟಳು. ಮಂಗಳವಾರ ಬೆಳಿಗ್ಗೆ ಉಪ್ಪಿಟ್ಟು, ದೋಸೆಗಳ ಕೆಳಗೆ ವಿಭಾ ದುಂಡಗಿನ ಗುಜರಾತಿಯಲ್ಲಿ ಬರೆದಳು:

"ಮಾಲೀಕರ ಮನೆಗೆ ಭಾನುವಾರ ಸೂರತ್ತಿನಿಂದ ಇಬ್ಬರು ನೆಂಟರು ಬಂದಿದ್ದಾರೆ. ಬೇರೆ ಕೋಣೆಯಲ್ಲಿದ್ದಾರೆ, ಹೋಟೆಲಿಗೆ ಬರುವುದಿಲ್ಲ. ನಗರಪಾಲಿಕೆಯವರು ನೋಡಿ ಹೋಗಿದ್ದಾರೆ. ಇವತ್ತು ಬೆಳಿಗ್ಗೆ ಆರಕ್ಕೆ ದೊಡ್ಡವರಿಗೆ ತೊಂಬತ್ತೆಂಟು ಡಿಗ್ರಿ, ಮಗುವಿಗೆ ತೊಂಬತ್ತೆಂಟೂವರೆ. ಕೆಮ್ಮಿಲ್ಲ."

ಜನ ನಿಂತು ಓದಿದರು. ಕೆಲವರು ನಕ್ಕರು. ಸ್ಟೇಶನ್ನಿನ ಒಬ್ಬ ಗುಮಾಸ್ತ ಒಳಗೆ ಬಂದು ಚಹಾ ಕುಡಿದು ಹೋದ. ಸಂಜೆಗೆ ಇನ್ನಿಬ್ಬರು.

ಬುಧವಾರ ಬೆಳಿಗ್ಗೆ ಥರ್ಮಾಮೀಟರು ನೋಡಿ ಸುಮಿತ್ರಾ ಕೋಣೆಯ ಒಳಗಿನಿಂದಲೇ ಕರೆದಳು. "ಅಕ್ಕ, ಶ್ರುತಿಗೆ ನೂರಾ ಒಂದು."

ಪದ್ಮಾ ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗಿ ಮಗುವಿನ ಹಣೆ ಮುಟ್ಟಿದಳು. ಶ್ರುತಿ ಚಳಿಯಿಂದ ನಡುಗುತ್ತಿದ್ದಳು. ಸುಮಿತ್ರಾ, "ನಾವು ಬರಬಾರದಿತ್ತು ಅಕ್ಕ. ಭಾವ ಹೇಳಿದಂತೆ ಊರಿಗೆ ಹೋಗಬೇಕಿತ್ತು," ಎಂದಳು.

"ಊರಿನ ಬಸ್ಸಿನಲ್ಲಿ ಜ್ವರ ಬಂದಿದ್ರೆ ಎಂತ ಮಾಡ್ತಿದ್ದೆ? ಮಗುವನ್ನು ಹೊದಿಸು, ಆಸ್ಪತ್ರೆಗೆ ಹೋಗುವ."

ಕೆಳಗೆ ಪಾಂಡುರಂಗ ಗೋಡೆಗೆ ಒರಗಿ ನಿಂತಿದ್ದ. "ಆಸ್ಪತ್ರೆಗೆ ಕರೆದುಕೊಂಡು ಹೋಗು. ನಾನೂ ಬರ್ತೇನೆ. ಆದರೆ ಬೋರ್ಡು ಇವತ್ತು ಬೇಡ. ರಿಪೋರ್ಟು ಬರಲಿ."

"ಅಪ್ಪ, ನಿನ್ನೆ ಬರೆದು ಇವತ್ತು ಬರೆಯದಿದ್ರೆ..." ವಿಭಾ ಶಬ್ದ ಹುಡುಕಿದಳು. "ಚೆನ್ನಾಗಿರೋದು ಮಾತ್ರ ಬರೀತಾರೆ ಅಂತ ಆಗ್ತದಲ್ವಾ? ಆ ಪೇಪರ್ ಕೆಟ್ಟದ್ದು ಮಾತ್ರ ಬರೀತದೆ. ಏನು ಫರಕ್?"

"ನಿನಗೆ ಹೋಟೆಲು ನಡೆಸಿ ಗೊತ್ತುಂಟಾ?" ಪಾಂಡುರಂಗನ ದನಿ ಏರಿತು. "ಇಪ್ಪತ್ತೆರಡು ವರ್ಷ ಆಯ್ತು ನಾನು ಆ ಬಾಗಿಲು ತೆರೆದು. ಒಂದು ಸಾಲು ಬರೆದು ಮುಚ್ಚಬೇಕಾ?"

"ಮುಚ್ಚಿದ್ರೆ ಮುಚ್ಚಲಿ," ಎಂದದ್ದು ರುಕ್ಮಿಣಿಯಮ್ಮ. ಎಲ್ಲರೂ ತಿರುಗಿ ನೋಡಿದರು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಹುಬ್ಬಳ್ಳಿಯಲ್ಲಿ ಸೋದರಮಾವ ಅಡಿಗೆಯ ಒಲೆಭಟ್ಟನ ಜ್ವರವನ್ನು ನಾಲ್ಕು ದಿನ ಅಡಗಿಸಿಟ್ಟಿದ್ದ. ಹೋಟೆಲು ಯಾಕೆ ಮುಚ್ಚಿತು ಅಂತ ನಾನು ಪೂರ್ತಿ ಹೇಳಲಿಲ್ಲ ನಿಮಗೆ. ಬರೆ ಮಗೂ."

ವಿಭಾ ಹೋಗಿ ಬರೆದಳು: "ಮಗುವಿಗೆ ಬೆಳಿಗ್ಗೆಯಿಂದ ನೂರಾ ಒಂದು ಜ್ವರ, ಚಳಿ. ಕೆಮ್ಮಿಲ್ಲ. ದೊಡ್ಡಾಸ್ಪತ್ರೆಗೆ ಸೇರಿಸಿದ್ದೇವೆ. ಏನು ಕಾಯಿಲೆ ಎಂದು ಇನ್ನೂ ಗೊತ್ತಿಲ್ಲ. ಗೊತ್ತಾದಾಗ ಇಲ್ಲೇ ಬರೆಯುತ್ತೇವೆ."

ಹತ್ತು ಗಂಟೆಗೆ ಹೋಟೆಲಿನಲ್ಲಿ ನೊಣ ಬಿಟ್ಟರೆ ಯಾರೂ ಇರಲಿಲ್ಲ. ಪಾಂಡುರಂಗ ಬಾಗಿಲು ಎಳೆದು ಆಸ್ಪತ್ರೆಗೆ ಬಂದು ಪದ್ಮಾಳ ಪಕ್ಕ ಬೆಂಚಿನ ಮೇಲೆ ಕೂತ. ಸಂಜೆ ಐದಕ್ಕೆ ಎರಡು ಲೋಟ ಚಹಾ ತಂದು ಒಂದನ್ನು ಅವಳ ಬದಿಗಿಟ್ಟ.

ಮರುದಿನ ಶಾಂತಾ ಕಾಗದ ಹಿಡಿದು ಬಂದಳು. "ಮಲೇರಿಯಾ. ರಕ್ತದಲ್ಲಿ ಕಂಡಿದೆ, ಎದೆಯ ಎಕ್ಸ್‌ರೇ ಸರಿ ಉಂಟು. ಡಾಕ್ಟರು ಸಹಿ ಹಾಕಿದ್ದಾರೆ."

ಪಾಂಡುರಂಗ ಆ ಕಾಗದವನ್ನು ಮೂರು ಸಲ ಓದಿದ. ಆ ದಿನದ ಬೋರ್ಡು ಅವನೇ ಬರೆದ, ಸೊಟ್ಟ ಗುಜರಾತಿಯಲ್ಲಿ. ಹಿಂದಿನ ದಿನದ ಜ್ವರದ ಸಾಲನ್ನು ಅಳಿಸಲಿಲ್ಲ, ಅದರ ಕೆಳಗೇ ಬರೆದ. ಜನ ಒಂದೇ ಸಲಕ್ಕೆ ನುಗ್ಗಿ ಬರಲಿಲ್ಲ. ಆದರೆ ಬಂದವರಲ್ಲಿ ಒಬ್ಬ, "ಜ್ವರ ಅಂತ ನೀವೇ ಬರೆದಿದ್ದಿರಿ, ಅದಕ್ಕೇ ಮಲೇರಿಯಾ ಅಂದದ್ದನ್ನು ನಂಬಿದೆ," ಎಂದು ಎರಡು ದೋಸೆ ತಿಂದು ಹೋದ. ಶನಿವಾರದ ಹೊತ್ತಿಗೆ ಅರ್ಧದಷ್ಟು ಮೇಜುಗಳು ತುಂಬಿದ್ದವು. ಆಸ್ಪತ್ರೆಯಿಂದ ಬಂದಿದ್ದ ಶ್ರುತಿ ತಾರಸಿಯಿಂದ ಕೆಳಗಿಳಿದು ಅಜ್ಜಿಯ ಕೈಯಿಂದ ಗಂಜಿ ಉಣ್ಣತೊಡಗಿದಳು.

ಆ ಶನಿವಾರ ಸಂಜೆಯೇ ಸುಶೀಲಾಬೆನ್ ಬಂದರು. ಸೆರಗು ಮೂಗಿನ ಮೇಲಿರಲಿಲ್ಲ. ಕೈಯಲ್ಲಿ ಪೇಪರೂ ಇರಲಿಲ್ಲ.

"ನನ್ನ ತಮ್ಮ ಕಾಂತಿ ಸೂರತ್ತಿನಲ್ಲಿ ಜರಿ ಕೆಲಸಕ್ಕಿದ್ದ," ಎಂದರು. "ಹಳ್ಳಿಗೆ ಹೊರಟಿದ್ದೇನೆ ಅಂತ ಹೋದ ವಾರ ಫೋನ್ ಮಾಡಿದ್ದ. ಇವತ್ತು ಹಳ್ಳಿಯಿಂದ ತಂತಿ ಬಂತು, ಅವನು ಮುಟ್ಟಲೇ ಇಲ್ಲ. ಒಬ್ಬರು ಆಸ್ಪತ್ರೆಯಲ್ಲಿದ್ದಾನೆ ಅಂತಾರೆ, ಒಬ್ಬರು ಹೋಗಿಬಿಟ್ಟ ಅಂತಾರೆ. ನಿಮ್ಮ ಮೈದುನ ಅಲ್ಲೇ ಇದ್ದಾರಲ್ಲ."

ಪಾಂಡುರಂಗನ ಮುಖ ಬಿಗಿಯಿತು. ಸಂಜೆ ಪೇಪರಿನ ಸುದ್ದಿ ಯಾವ ಬಾಯಿಯಿಂದ ಹೊರಟಿತ್ತೆಂದು ಆ ಮನೆಯಲ್ಲಿ ಎಲ್ಲರೂ ಊಹಿಸಿದ್ದರು. ಸುಶೀಲಾಬೆನ್‌ಗೂ ಅದು ಗೊತ್ತಿತ್ತು. ತಲೆ ತಗ್ಗಿಸಿ ನಿಂತಿದ್ದರು. ಪಾಂಡುರಂಗ ಅವರನ್ನು ಹೋಟೆಲಿನ ಫೋನಿನ ಹತ್ತಿರ ಕರೆದುಕೊಂಡು ಹೋದ. ಹರಿ ಹೆಸರು, ವಯಸ್ಸು, ಎಡಗೆನ್ನೆಯ ಮಚ್ಚೆ, ಎಲ್ಲ ಬರೆದುಕೊಂಡ.

ಭಾನುವಾರ ಹನ್ನೊಂದಕ್ಕೆ ಹರಿಯ ಫೋನು ಬಂತು. ಪದ್ಮಾ ತೆಗೆದುಕೊಂಡು, ಕೇಳಿ, ಇನ್ನೊಮ್ಮೆ ಕೇಳಿ, ಮನೆಗೆ ಬಂದಳು. ಸುಶೀಲಾಬೆನ್ ಅಡಿಗೆಮನೆಯ ನೆಲದ ಮೇಲೆ ರುಕ್ಮಿಣಿಯಮ್ಮನ ಪಕ್ಕ ಕೂತಿದ್ದರು.

"ಕಾಂತಿಭಾಯಿ ಆಸ್ಪತ್ರೆಯಲ್ಲಿದ್ದಾರೆ," ಎಂದಳು ಪದ್ಮಾ ತನ್ನ ಹರಕುಮುರುಕು ಗುಜರಾತಿಯಲ್ಲಿ. "ಹರಿ ಕಿಟಕಿಯ ಹೊರಗಿನಿಂದ ನೋಡಿದ, ಒಳಗೆ ಬಿಡಲಿಲ್ಲವಂತೆ. ಕೆನ್ನೆಯ ಮೇಲೆ ಮಚ್ಚೆ ಉಂಟು. ಹೆಸರು ಹೇಳಿ ಕರೆದಾಗ ಕಣ್ಣು ತೆರೆದರಂತೆ. ಆಕ್ಸಿಜನ್ ಹಾಕಿದ್ದಾರೆ. ನಿನ್ನೆ ಅರ್ಧ ಲೋಟ ಹಾಲು ಕುಡಿದರು ಅಂತ ನರ್ಸು ಹೇಳಿದ್ದು, ಹರಿ ಕಂಡದ್ದಲ್ಲ."

"ಉಳಿಯುತ್ತಾನಂತಾ?"

ಪಾಂಡುರಂಗ ಹೌದು ಎನ್ನಲು ಬಾಯಿ ತೆರೆದದ್ದನ್ನು ಪದ್ಮಾ ಕಂಡಳು. ರುಕ್ಮಿಣಿಯಮ್ಮನೂ ಹೌದೆನ್ನು ಎಂಬಂತೆ ಅವಳನ್ನೇ ನೋಡುತ್ತಿದ್ದರು. ಒಂದು ಶಬ್ದ, ಹೇಳಿದರೆ ಸುಶೀಲಾಬೆನ್‌ರ ಎದೆ ತಣ್ಣಗಾಗುತ್ತಿತ್ತು.

"ಅದನ್ನು ಹರಿ ಹೇಳಲಿಲ್ಲ, ಬೆನ್."

ಸುಶೀಲಾಬೆನ್ ತಲೆಯೆತ್ತಿ, "ಹಾಗಾದರೆ ಕಣ್ಣು ತೆರೆದದ್ದು ನಿಜ," ಎಂದರು. "ಕರೆದರೆ ಕೇಳಿಸುತ್ತದೆ ಅವನಿಗೆ. ನಾನು ಹೋಗುತ್ತೇನೆ."

ಯಾರೂ ತಡೆಯಲಿಲ್ಲ. ಪದ್ಮಾ ಇಡ್ಲಿ ಕಟ್ಟಿದಳು, ಮೂಗಿಗೆ ಕಟ್ಟಿಕೊಳ್ಳಲು ನಾಲ್ಕು ಒಗೆದ ಬಟ್ಟೆ ಮಡಚಿ ಇಟ್ಟಳು, ಶಾಂತಾ ಹೇಳಿದ್ದನ್ನೆಲ್ಲ ಎರಡು ಸಲ ಹೇಳಿದಳು. ಕಾಂತಿಭಾಯಿ ಹತ್ತು ದಿನದ ಮೇಲೆ ತನ್ನ ಕಾಲ ಮೇಲೆ ನಡೆದು ಆಸ್ಪತ್ರೆಯಿಂದ ಹೊರಬಂದ; ಅದು ಆ ಮಧ್ಯಾಹ್ನ ಯಾರಿಗೂ ಗೊತ್ತಿರಲಿಲ್ಲ. ಪಾಂಡುರಂಗ ಚೀಲ ಹೊತ್ತು ಸ್ಟೇಶನ್ನಿಗೆ ಹೋದ. ಸೂರತ್ತಿನ ಕಡೆಗೆ ಹೋಗುವ ಡಬ್ಬಿ ಖಾಲಿಯಾಗಿತ್ತು. ಬೇಕಾದಲ್ಲಿ ಕೂರಬಹುದಿತ್ತು, ಸುಶೀಲಾಬೆನ್ ಬಾಗಿಲಿಗೆ ಹತ್ತಿರದ ಸೀಟಿನಲ್ಲೇ ಕೂತರು, ಬೇಗ ಇಳಿಯಲು.